ಅಂಗೈಯಗಲದ ಗಂಡಭೇರುಂಡ

ಕತಾರಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಕನ್ನಡ ಬರುವುದಿಲ್ಲವೆಂದು ಹೇಳುವುದು ಅನ್ಯಾಯವಾದೀತು. ‘ಏಳು’, ‘ಹಲ್ಲುಜ್ಜು’, ‘ಊಟ ಮಾಡು’, ‘ಮೊಬೈಲ್ ಕೆಳಗಿಡು’, ‘ಅಜ್ಜಿಗೆ ನಮಸ್ಕಾರ ಹೇಳು’ ಎಂಬ ಮಾತುಗಳೆಲ್ಲ ಅವರಿಗೆ ಚೆನ್ನಾಗಿ ಅರ್ಥವಾಗುತ್ತವೆ. ಆದರೆ ಈ ಮಾತುಗಳನ್ನು ಸಾಲಾಗಿ ಬರೆದು ನೋಡಿದರೆ ಅವೆಲ್ಲವೂ ಆಜ್ಞೆಗಳೇ ಎಂಬುದು ಕಾಣುತ್ತದೆ. ಮಗುವಿನ ಪಾಲಿಗೆ ಕನ್ನಡವೆಂದರೆ ದೊಡ್ಡವರು ಆಡುವ, ತಾನು ಪಾಲಿಸುವ ಭಾಷೆ. ಉತ್ತರ ಕೊಡಬೇಕಾದಾಗ ಅದು ಇಂಗ್ಲಿಷಿಗೆ ಜಾರುತ್ತದೆ. ಶಾಲೆ, ಗೆಳೆತನ, ಆಟ, ಜಗಳ ಎಲ್ಲವೂ ಆ ಭಾಷೆಯಲ್ಲಿಯೇ ನಡೆಯುವಾಗ ಅದು ಸಹಜವೂ ಹೌದು. ವಾರಾಂತ್ಯದ ಕನ್ನಡ ತರಗತಿಯನ್ನು ನಡೆಸುತ್ತಿರುವ ನಾವು ಕೆಲವರು ಸ್ವಯಂಸೇವಕರು ಬಹಳ ಕಾಲ ಯೋಚಿಸಿದ್ದು ಒಂದೇ ಪ್ರಶ್ನೆಯನ್ನು: ಮಗು ತಾನಾಗಿಯೇ ಕನ್ನಡದಲ್ಲಿ ಏನನ್ನಾದರೂ ಹೇಳಬಯಸುವಂತೆ ಮಾಡುವುದು ಹೇಗೆ?

ಎರಡು ವರ್ಷಗಳಿಂದ ನಾವು ಈ ಪ್ರಶ್ನೆಗೆ ಜೇಡಿಯಲ್ಲಿ ಉತ್ತರ ಹುಡುಕುತ್ತಿದ್ದೇವೆ. ಊರಿನ ಕೆರೆಯ ಜೇಡಿಯಲ್ಲ, ಪಾಲಿಮರ್ ಕ್ಲೇ ಎಂಬ ಬಣ್ಣದ ಜೇಡಿ. ಅಕ್ಷರಕ್ಕೆ ಮೀಸಲಾದ ಸಮಯದ ಅರ್ಧವನ್ನು ತೆಗೆದು, ಆರರಿಂದ ಹದಿಮೂರು ವಯಸ್ಸಿನ ಸುಮಾರು 20 ಮಕ್ಕಳಿಂದ ಹೆಬ್ಬೆರಳಿನಷ್ಟು ಎತ್ತರದ ವಿಚಿತ್ರ ಪ್ರಾಣಿಗಳನ್ನು ಮಾಡಿಸುತ್ತಿದ್ದೇವೆ. ಮಕರ, ಗಂಡಭೇರುಂಡ, ರೆಕ್ಕೆಯ ಎತ್ತು, ಹಾರುವ ಓತಿ ಮುಂತಾದ ಪ್ರಾಣಿಗಳು ಇವು. ಇದರ ಬಗ್ಗೆ ಸಂಘದ ಹಲವು ಸದಸ್ಯರು ಕುತೂಹಲದಿಂದಲೂ ಕೆಲವರು ಅನುಮಾನದಿಂದಲೂ ಕೇಳುತ್ತಿರುವುದರಿಂದ, ಈ ಕೆಲಸದ ಹಿಂದಿನ ವಿಚಾರವನ್ನು ಇಲ್ಲಿ ಬರೆದಿಡುವುದು ಒಳ್ಳೆಯದೆನಿಸಿತು.

ಮೊದಲು ಜೇಡಿಯ ವಿಷಯ. ಹೆಸರಿನಲ್ಲಿ ಜೇಡಿಯಿದ್ದರೂ ಪಾಲಿಮರ್ ಕ್ಲೇಯಲ್ಲಿ ಮಣ್ಣಿನ ಅಂಶ ಮುಖ್ಯವಲ್ಲ. ನಲ್ಲಿಯ ಪೈಪುಗಳಲ್ಲಿರುವ ಪಿವಿಸಿಯ ನುಣ್ಣನೆಯ ಪುಡಿಯನ್ನೇ ಎಣ್ಣೆಯಂತಹ ಮೆದುಕಾರಕದೊಂದಿಗೆ ಬೆರೆಸಿ ಇದನ್ನು ತಯಾರಿಸುತ್ತಾರೆ. ಜರ್ಮನಿಯ ಹೆಸರಾಂತ ಗೊಂಬೆ ತಯಾರಕಿ ಕೆಥೆ ಕ್ರೂಸೆಯವರ ಮಗಳು ಫಿಫಿ ರೇಬಿಂಡರ್ ರೂಪಿಸಿದ ಇಂಥ ಮಿಶ್ರಣವೇ 1960ರ ದಶಕದಲ್ಲಿ ‘ಫಿಮೊ’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಅಮೆರಿಕದಲ್ಲಿ ‘ಸ್ಕಲ್ಪಿ’ ಬಳಕೆಗೆ ಬಂತು. ಊರಿನ ಗಣೇಶನ ಹಬ್ಬದ ಮಣ್ಣು ಒಣಗುವಾಗ ಕುಗ್ಗುತ್ತದೆ. ದೋಹಾದ ಹವಾನಿಯಂತ್ರಿತ ಕೋಣೆಯ ಒಣಗಾಳಿಯಲ್ಲಂತೂ ಕಡ್ಡಿಯಷ್ಟು ತೆಳ್ಳಗಿನ ಕಾಲು, ಕೊಂಬುಗಳು ಬಿರುಕುಬಿಡುವುದಕ್ಕೆ ಹೆಚ್ಚು ಹೊತ್ತು ಬೇಕಾಗುವುದಿಲ್ಲ. ಪಾಲಿಮರ್ ಕ್ಲೇಯಲ್ಲಿ ನೀರಿಲ್ಲದ ಕಾರಣ ಅದು ಗಾಳಿಗೆ ಒಣಗದು. ಮಗು ಈ ವಾರ ತಲೆ ಮಾಡಿ, ಮುಂದಿನ ವಾರ ಕಾಲು ಜೋಡಿಸಬಹುದು. ಮನೆಯ ಓವನ್ನಿನಲ್ಲಿ ಹದವಾಗಿ ಸುಟ್ಟರೆ ಗಟ್ಟಿಯಾಗುತ್ತದೆ.

ಕೆಲಸ ಮಾಡುವಾಗ ಮೃದು, ಮುಗಿದ ಮೇಲೆ ಗಟ್ಟಿ ಎಂಬ ಈ ಗುಣ ನಮ್ಮ ನಾಡಿನ ಶಿಲ್ಪಕ್ಕೆ ಹೊಸತಲ್ಲ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು, ನೆಲದಿಂದ ತೆಗೆದ ಹೊಸತರಲ್ಲಿ ಉಳಿಗೆ ಸುಲಭವಾಗಿ ಒಲಿಯುವಷ್ಟು ಮೃದುವಾಗಿದ್ದು, ಗಾಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುತ್ತದೆ. ಹೊಯ್ಸಳ ಮೂರ್ತಿಗಳ ಕೊರಳ ಹಾರದ ಒಂದೊಂದು ಮಣಿಯನ್ನೂ ಬಿಡಿಸಿ ತೋರಿಸಲು ಸಾಧ್ಯವಾದದ್ದು ಈ ಕಲ್ಲಿನ ಹದದಿಂದ. ನಮ್ಮ ಪೀಳಿಗೆಯವರು ಸ್ಲೇಟಿನ ಮೇಲೆ ಅ ಆ ಇ ಈ ತಿದ್ದಿದ ಬಳಪಕ್ಕೂ ಈ ಕಲ್ಲಿಗೂ ಹೆಸರು ಒಂದೇ. ಶಿಲ್ಪಕ್ಕೂ ಅಕ್ಷರಕ್ಕೂ ಒಂದೇ ಹೆಸರಿನ ಕಲ್ಲು ಒದಗಿದ ನಾಡಿನಿಂದ ಬಂದವರು ನಾವು. ತರಗತಿಯಲ್ಲಿ ಎರಡನ್ನೂ ಒಂದೇ ಮೇಜಿನ ಮೇಲಿಡುವುದಕ್ಕೆ ಸಂಕೋಚಪಡಬೇಕಾದುದಿಲ್ಲ.

ವಿಚಿತ್ರ ಪ್ರಾಣಿಗಳೇ ಏಕೆ, ಹಸು, ಆನೆ, ಗಿಳಿಗಳನ್ನು ಮಾಡಿಸಬಾರದೇ ಎಂದು ಕೇಳುವವರಿದ್ದಾರೆ. ನಮ್ಮ ಪ್ರಯತ್ನದ ತಿರುಳು ಇರುವುದೇ ಇಲ್ಲಿ. ಆನೆಗೆ ಇರುವುದು ಆನೆಯ ಸೊಂಡಿಲೇ. ಆದ್ದರಿಂದ ‘ಸೊಂಡಿಲು’ ಎಂದರೆ ಸಾಕು, ‘ಆನೆಯ’ ಎಂದು ಹೇಳಬೇಕಾದ ಪ್ರಸಂಗವೇ ಬರುವುದಿಲ್ಲ. ಮಕರಕ್ಕೆ ಹಾಗಲ್ಲ. ಅದರ ಸೊಂಡಿಲು ಆನೆಯದು, ಕಾಲು ಸಿಂಹದ್ದು, ದವಡೆ ಮೊಸಳೆಯದು, ಬಾಲ ನವಿಲಿನದು. ಯಾವುದು ಯಾರದೆಂದು ಹೇಳದ ಹೊರತು ಮಕರವನ್ನು ಕಟ್ಟಲಾಗುವುದಿಲ್ಲ. ಆನೆ‘ಯ’, ಮೊಸಳೆ‘ಯ’, ಸಿಂಹ‘ದ’, ಮರ‘ದ’, ನವಿಲ‘ಿನ’, ಹಾವ‘ಿನ’ ಎಂಬ ಷಷ್ಠೀ ವಿಭಕ್ತಿಯ ಈ ಮೂರು ರೂಪಗಳನ್ನು ಹಲಗೆಯ ಮೇಲೆ ಬರೆದು ನಾವು ತಿಂಗಳುಗಟ್ಟಲೆ ಕಲಿಸಿದ್ದೆವು. ಮಕ್ಕಳು ಒಪ್ಪಿಸುತ್ತಿದ್ದರು, ಮರುವಾರ ಮರೆಯುತ್ತಿದ್ದರು. ಒಂದು ಮಕರವನ್ನು ಮಾಡಿ ಮುಗಿಸುವಷ್ಟರಲ್ಲಿ ಅದೇ ಮಗು ಆ ಮೂರನ್ನೂ ಹತ್ತಾರು ಬಾರಿ ಬಳಸಿರುತ್ತದೆ, ವ್ಯಾಕರಣವೆಂಬ ಮಾತೇ ಕಿವಿಗೆ ಬೀಳದೆ.

ತರಗತಿಯ ನಿಯಮವೂ ಇದಕ್ಕೆ ಹೊಂದಿಕೊಂಡಿದೆ. ಬಣ್ಣದ ಉಂಡೆಗಳು ಮೇಜಿನ ನಡುವೆ ನಮ್ಮ ವಶದಲ್ಲಿರುತ್ತವೆ. ‘ಗ್ರೀನ್ ಕೊಡಿ’ ಎಂದರೆ ಜೇಡಿ ಸಿಗುವುದಿಲ್ಲ. ‘ಹಾವಿನ ಬಾಲಕ್ಕೆ ಹಸಿರು ಬೇಕು’ ಎಂದರೆ ಸಿಗುತ್ತದೆ. ಮೊದಲ ವಾರಗಳಲ್ಲಿ ಕೊಂಬು, ಕೊಕ್ಕು, ರೆಕ್ಕೆ, ಬಾಲ ಇಷ್ಟರಲ್ಲೇ ಕೆಲಸ ಸಾಗಿತು. ಆಮೇಲೆ ಪ್ರಾಣಿಗಳು ಚೆಂದವಾಗುತ್ತ ಹೋದಂತೆ ಪದಗಳೂ ಸೂಕ್ಷ್ಮವಾದವು. ಗೊರಸು, ಪಂಜ, ಜೂಲು, ಕೋರೆಹಲ್ಲು, ಹೆಡೆ, ಗರಿ, ಹುರುಪೆ, ಕಿವಿರು ಒಂದೊಂದಾಗಿ ಬಂದವು. ಕುದುರೆಯ ಬಗ್ಗೆ ಮಾತನಾಡಲು ‘ಕಾಲು’ ಸಾಕು, ಕುದುರೆಯನ್ನು ಮಾಡಲು ‘ಗೊರಸು’ ಬೇಕು. ಬೆರಳು ತಡವರಿಸಿದ ಜಾಗದಲ್ಲಿ ಹೆಸರಿನ ಅಗತ್ಯ ಹುಟ್ಟುತ್ತದೆ. ಅಗತ್ಯ ಹುಟ್ಟಿದ ಮೇಲೆ ಕಲಿತ ಪದ ಬೇಗ ಮರೆಯುವುದಿಲ್ಲ ಎಂಬುದು ಈ ಎರಡು ವರ್ಷಗಳಲ್ಲಿ ನಮಗೆ ದೃಢವಾಗಿದೆ.

ಮಕ್ಕಳೆಲ್ಲರೂ ಮೊದಲು ಕೇಳಿದ್ದು ಡ್ರ್ಯಾಗನ್. ಚಲನಚಿತ್ರ, ಆಟಗಳಿಂದ ಅವರ ತಲೆಯಲ್ಲಿ ತುಂಬಿಕೊಂಡಿರುವ ಪ್ರಾಣಿ ಅದು. ನಾವು ಬೇಡವೆನ್ನಲಿಲ್ಲ. ಡ್ರ್ಯಾಗನ್ನಿಗೆ ಹತ್ತಿರದ ಪ್ರಾಣಿಯೊಂದು ನಮ್ಮ ಪಶ್ಚಿಮ ಘಟ್ಟದಲ್ಲಿ ನಿಜವಾಗಿಯೇ ಇದೆ ಎಂದು ಹೇಳಿ ಹಾರುವ ಓತಿಯ ಚಿತ್ರ ತೋರಿಸಿದೆವು. ವಿಜ್ಞಾನಿಗಳು ಅದರ ಕುಲಕ್ಕೆ ಇಟ್ಟಿರುವ ಹೆಸರೇ ‘ಡ್ರೇಕೊ’. ಮಲೆನಾಡು, ಕರಾವಳಿಗಳ ಅಡಿಕೆ ತೋಟಗಳಲ್ಲಿ ಮರದಿಂದ ಮರಕ್ಕೆ ತೇಲುವ ಅಂಗೈಯುದ್ದದ ಈ ಓತಿಗೆ ಹಕ್ಕಿಯಂಥ ರೆಕ್ಕೆಯಿಲ್ಲ. ನೀಳವಾಗಿ ಬೆಳೆದ ಪಕ್ಕೆಲುಬುಗಳ ನಡುವೆ ಚರ್ಮವು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ದೊಡ್ಡವರ ಗುಂಪೊಂದು ಕಾಡು ಹೊಕ್ಕು ಹುಡುಕುವುದು ಈ ಓತಿಯನ್ನೇ ಎಂದು ತಿಳಿದಾಗ ಮಕ್ಕಳ ಕಣ್ಣರಳಿತು. ಅಂದಿನ ಡ್ರ್ಯಾಗನ್ನುಗಳಿಗೆಲ್ಲ ‘ಪಕ್ಕೆಲುಬಿನ ರೆಕ್ಕೆ’ ಬಂತು. ತೆಳುವಾದ ತಂತಿಯನ್ನು ಪಕ್ಕೆಲುಬಾಗಿ ಬಾಗಿಸಿ, ಅದರ ಮೇಲೆ ಕಾಗದದಷ್ಟು ತೆಳ್ಳಗೆ ಲಟ್ಟಿಸಿದ ಜೇಡಿಯನ್ನು ಹೊದಿಸುವುದನ್ನು ಹನ್ನೊಂದು ವರ್ಷದ ಹುಡುಗಿಯೊಬ್ಬಳು ತಾನೇ ಕಂಡುಕೊಂಡಳು.

ಅನಂತರ ನಾವು ಹಳೇಬೀಡಿಗೆ ಹೋದೆವು, ಚಿತ್ರಗಳ ಮೂಲಕ. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ತಳಭಾಗದಲ್ಲಿ ಪಟ್ಟಿಕೆಗಳು ಒಂದರ ಮೇಲೊಂದು ಸಾಗುತ್ತವೆ. ಎಲ್ಲಕ್ಕಿಂತ ಕೆಳಗೆ ಆನೆಗಳು, ಅವುಗಳ ಮೇಲೆ ಸಿಂಹಗಳು, ಬಳ್ಳಿಯ ಸುರುಳಿಗಳು, ಕುದುರೆ ಸವಾರರು, ಪುರಾಣ ಕಥೆಗಳು, ಮೇಲ್ಭಾಗದಲ್ಲಿ ಮಕರಗಳು, ಹಂಸಗಳು. ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿದ ಸುದ್ದಿಯನ್ನು ಇಲ್ಲಿನ ನಾವೆಲ್ಲ ವಾಟ್ಸಾಪಿನಲ್ಲಿ ಹಂಚಿಕೊಂಡು ಹಿಗ್ಗಿದ್ದು ನೆನಪಿದೆ. ಮಕ್ಕಳಿಗೆ ಆ ಸುದ್ದಿಗಿಂತ ಮುಖ್ಯವೆನಿಸಿದ್ದು ಮಕರದ ಬಾಲ. ಸುರುಳಿ ಸುರುಳಿಯಾದ ಆ ಬಾಲ ಎಲ್ಲಿ ಮುಗಿಯುತ್ತದೆ, ಬಳ್ಳಿ ಎಲ್ಲಿ ಆರಂಭವಾಗುತ್ತದೆ ಎಂದು ಅವರು ಬಹಳ ಹೊತ್ತು ವಾದಿಸಿದರು. ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ನಡೆದ ವಾದ ಅದು. ಆದರೂ ಕನ್ನಡದಲ್ಲಿ ಅವರು ಪರಸ್ಪರ ಜಗಳವಾಡಿದ್ದನ್ನು ನಾವು ಕಂಡದ್ದು ಅಂದೇ ಮೊದಲು.

ಗಂಡಭೇರುಂಡವನ್ನು ಮಾತ್ರ ಎಲ್ಲ ಮಕ್ಕಳೂ ಮಾಡಲೇಬೇಕೆಂದು ನಾವು ನಿಶ್ಚಯಿಸಿದ್ದೆವು. ರಜೆಯಲ್ಲಿ ಊರಿಗೆ ಹೋದಾಗ ಕೆಎಸ್ಸಾರ್ಟಿಸಿ ಬಸ್ಸಿನ ಮೇಲೆ ಅವರು ಅದನ್ನು ನೋಡಿಯೇ ಇರುತ್ತಾರೆ, ಏನೆಂದು ಕೇಳಿರುವುದಿಲ್ಲ. ಅದು ರಾಜ್ಯದ ಲಾಂಛನದ ನಡುವೆ ಇದೆ, ಮೈಸೂರು ವಿಶ್ವವಿದ್ಯಾನಿಲಯದ ಲಾಂಛನದಲ್ಲಿದೆ. ವಿಜಯನಗರದ ಅಚ್ಯುತರಾಯನ ಚಿನ್ನದ ನಾಣ್ಯದಲ್ಲಿ ಆನೆಗಳನ್ನು ಹಿಡಿದೆತ್ತಿದೆ. ಕೆಳದಿಯ ರಾಮೇಶ್ವರ ದೇವಾಲಯದ ಚಾವಣಿಯಲ್ಲಿ ರೆಕ್ಕೆ ಬಿಚ್ಚಿ ನಿಂತಿದೆ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯಲ್ಲಿ 1047ರಲ್ಲಿ ನಿಲ್ಲಿಸಿದ ಎತ್ತರದ ಕಂಬಕ್ಕೂ ಅದರದೇ ಹೆಸರು. ಅಲ್ಲಿ ಮನುಷ್ಯನ ಮೈಗೆ ಎರಡು ಹಕ್ಕಿಯ ತಲೆಗಳಿವೆ. ಒಂದು ಮೈ, ಎರಡು ತಲೆಯ ಹಕ್ಕಿ ನಮ್ಮ ನಾಡಿನದಷ್ಟೇ ಅಲ್ಲ. ತುರ್ಕಿಯ ಸೆಲ್ಜುಕ್ ಅರಸರ ಕಾಲದ ಕಟ್ಟಡಗಳ ಮೇಲೂ ಎರಡು ತಲೆಯ ಹದ್ದು ಕಾಣಸಿಗುತ್ತದೆ. ‘ಎರಡು ತಲೆಯೂ ಒಂದೇ ಭಾಷೆ ಮಾತನಾಡುತ್ತವೆಯೇ?’ ಎಂದು ಏಳು ವರ್ಷದ ಮಗುವೊಂದು ಕೇಳಿತು. ಇನ್ನೊಂದು ಮಗು ಯೋಚಿಸದೆ ಉತ್ತರಿಸಿತು: ‘ಇಲ್ಲ. ಒಂದು ಮನೇಲಿ ಮಾತಾಡುತ್ತೆ, ಇನ್ನೊಂದು ಸ್ಕೂಲಲ್ಲಿ.’

ನಾವು ಬದುಕುತ್ತಿರುವುದು ಕತಾರಿನಲ್ಲಿ. ಈ ನೆಲದ ಪ್ರಾಣಿಗಳನ್ನು ಬಿಟ್ಟು ಊರಿನವನ್ನಷ್ಟೇ ಮಾಡಿಸಿದರೆ ಮಕ್ಕಳ ಅರ್ಧ ಬದುಕನ್ನು ಬಾಗಿಲ ಹೊರಗಿಟ್ಟಂತಾಗುತ್ತದೆ. ಇಲ್ಲಿನ ರಾಷ್ಟ್ರೀಯ ಪ್ರಾಣಿ ಅರೇಬಿಯನ್ ಓರಿಕ್ಸ್, ಅರಬ್ಬಿಯಲ್ಲಿ ಅಲ್ ಮಹಾ. ವಿಮಾನಗಳ ಬಾಲದ ಮೇಲೆ ಮಕ್ಕಳು ದಿನವೂ ಕಾಣುವುದು ಅದರ ತಲೆಯನ್ನೇ. 2006ರ ದೋಹಾ ಏಷ್ಯನ್ ಕ್ರೀಡಾಕೂಟದ ಲಾಂಛನ ಪ್ರಾಣಿಯೂ ಅದೇ. 1972ರ ಹೊತ್ತಿಗೆ ಕಾಡಿನಿಂದ ಕಣ್ಮರೆಯಾಗಿದ್ದ ಈ ಪ್ರಾಣಿಯನ್ನು ಸಾಕಿ ಬೆಳೆಸಿ ಮತ್ತೆ ಮರಳುಗಾಡಿಗೆ ಬಿಟ್ಟ ಕಥೆ ಹೆಮ್ಮೆಪಡುವಂಥದ್ದು. ಪಕ್ಕದಿಂದ ನೋಡಿದರೆ ಅದರ ಎರಡು ನೀಳ ಕೊಂಬುಗಳು ಒಂದರ ಹಿಂದೊಂದು ಮರೆಯಾಗಿ ಒಂಟಿ ಕೊಂಬಿನಂತೆ ಕಾಣುತ್ತವೆ. ಅರಿಸ್ಟಾಟಲ್ ಕೂಡ ಓರಿಕ್ಸನ್ನು ಒಂಟಿ ಕೊಂಬಿನ ಪ್ರಾಣಿಯೆಂದೇ ಬರೆದ. ಒಂದು ಕೊಂಬಿನ ಕುದುರೆಯ ಕಲ್ಪನೆಗೆ ಇದೂ ಒಂದು ಮೂಲವಿರಬಹುದೆಂದು ಹಲವರು ಊಹಿಸಿದ್ದಾರೆ. ಮಕ್ಕಳು ಮಾಡಿದ ಓರಿಕ್ಸನ್ನು ಬೆಳಕಿಗೆ ಹಿಡಿದು ತಿರುಗಿಸುತ್ತ, ಎರಡು ಕೊಂಬು ಒಂದಾಗುವ ಕೋನವನ್ನು ಹುಡುಕುವುದು ನಮ್ಮ ತರಗತಿಯ ಆಟಗಳಲ್ಲಿ ಒಂದು.

ಮುತ್ತಿನ ಕಾಲದ ಕಥೆಗಳೂ ನಮಗೆ ಒದಗಿಬಂದವು. ರಾತ್ರಿ ಮುಳುಗುತ್ತಿರುವವನಂತೆ ಕೂಗಿ ದೋಣಿಯವರನ್ನು ಮೋಸಗೊಳಿಸುವ ಸಮುದ್ರದ ಜೀವಿ ‘ಬು ದರ್ಯಾ’. ಇನ್ನೊಂದು, ಮೇ ಎಂಬ ಹೆಣ್ಣಿಗೂ ಗಿಲಾನ್ ಎಂಬ ನಾವಿಕನಿಗೂ ನಡೆದ ಪೈಪೋಟಿಯ ಕಥೆ. ಮಿಡತೆಯ ರೆಕ್ಕೆಯನ್ನು ನೋಡಿ ಗಿಲಾನನಿಗೆ ಹಾಯಿಯ ಯೋಚನೆ ಹೊಳೆಯಿತೆಂದು ಇಲ್ಲಿನ ಜನ ಹೇಳುತ್ತಾರೆ. ಅಲ್ ಖೋರ್‌ನಿಂದ ಬರುವ ಮಕ್ಕಳಿಗೆ ಇದು ತಮ್ಮೂರಿನ ಕಥೆ. ಅವರು ಮಾಡಿದ ‘ಮಿಡತೆ ದೋಣಿ’ಗೆ ಆರು ಕಾಲು, ಎರಡು ಹಾಯಿ. ಮಂಗಳೂರು, ಭಟ್ಕಳ ಕಡೆಯ ಮನೆಗಳ ತಂದೆಯರು ಆ ದಿನ ತರಗತಿಯ ಹಿಂದಿನ ಸಾಲಿನಲ್ಲಿ ಕುಳಿತು ಹಾಯಿ, ಹುಟ್ಟು, ಚುಕ್ಕಾಣಿಗಳ ಹೆಸರು ಹೇಳಿಕೊಟ್ಟರು. ತುಳು, ಬ್ಯಾರಿ, ಕೊಂಕಣಿ, ನವಾಯತಿ ಮಾತಾಡುವ ಮನೆಗಳ ಮಕ್ಕಳೂ ನಮ್ಮಲ್ಲಿದ್ದಾರೆ. ಎಲ್ಲ ಮತಗಳ ಮನೆಯವರೂ ಇರುವುದರಿಂದ ಪೂಜೆಯ ಮೂರ್ತಿಗಳನ್ನು ನಾವು ಮಾಡಿಸುವುದಿಲ್ಲ. ಪ್ರಾಣಿಗಳು ಎಲ್ಲರಿಗೂ ಸೇರಿದವು.

ಕಡಲ ಹಸುವಿನ ವಿಷಯವನ್ನು ಹೇಳದೆ ಮುಂದೆ ಹೋಗಲಾಗದು. ಕತಾರಿನ ಸುತ್ತಲಿನ ಸಮುದ್ರದಲ್ಲಿ ಹುಲ್ಲು ಮೇಯುವ ಡುಗಾಂಗ್‌ಗಳ ದೊಡ್ಡ ಹಿಂಡುಗಳಿವೆ. ದೇಶದ ನೈಋತ್ಯ ಭಾಗದಲ್ಲಿ ದೊರೆತ ಸುಮಾರು 2 ಕೋಟಿ 10 ಲಕ್ಷ ವರ್ಷ ಹಳೆಯ ಪಳೆಯುಳಿಕೆಗಳಿಂದ ಗುರುತಿಸಿದ ಅವುಗಳ ಪ್ರಾಚೀನ ಬಂಧುವಿಗೆ 2025ರಲ್ಲಿ ‘ಸಲ್ವಾಸೈರನ್ ಕತಾರೆನ್ಸಿಸ್’ ಎಂದು ಹೆಸರಿಡಲಾಯಿತು. ಈ ಕಡಲ ಹಸುಗಳ ಹತ್ತಿರದ ನೆಲದ ನೆಂಟ ಆನೆ ಎಂದು ಜೀವಶಾಸ್ತ್ರ ಹೇಳುತ್ತದೆ. ಇದನ್ನು ಕೇಳಿದ ಕೂಡಲೆ ಮಕ್ಕಳು ತಮ್ಮ ಮಕರಗಳನ್ನು ತಂದು ಡುಗಾಂಗ್‌ಗಳ ಪಕ್ಕದಲ್ಲಿಟ್ಟರು. ಒಂದಕ್ಕೆ ಮೀನಿನ ಬಾಲ, ಆನೆಯ ನೆಂಟಸ್ತಿಕೆ. ಇನ್ನೊಂದಕ್ಕೆ ಆನೆಯ ಸೊಂಡಿಲು, ನೀರಿನ ವಾಸ. ಹಳೇಬೀಡಿನ ಶಿಲ್ಪಿಗೆ ಈ ಶಾಸ್ತ್ರ ತಿಳಿದಿರಲಿಲ್ಲ, ಕಲ್ಪನೆ ಮತ್ತು ಶಾಸ್ತ್ರ ಬೇರೆ ಬೇರೆ ದಾರಿಯವು ಎಂದು ನಾವು ಸ್ಪಷ್ಟವಾಗಿ ಹೇಳಿದೆವು. ಆದರೂ ಆ ಎರಡನ್ನು ಪಕ್ಕಪಕ್ಕದಲ್ಲಿ ಇಡುವ ಸಂತೋಷವನ್ನು ಕಸಿಯಲಿಲ್ಲ.

ಈಗ ಅನುಮಾನದ ಮಾತು. ಸಂಘದ ಒಂದು ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು, ‘ಅಕ್ಷರ ಕಲಿಸಿ ಅಂದರೆ ಗೊಂಬೆ ಮಾಡಿಸುತ್ತಿದ್ದೀರಲ್ಲ’ ಎಂದು ನೇರವಾಗಿ ಕೇಳಿದರು. ವಾರಕ್ಕೊಮ್ಮೆ ಸಿಗುವ ಒಂದೂವರೆ ಗಂಟೆಯಲ್ಲಿ ಅರ್ಧ ಭಾಗ ಜೇಡಿಗೆ ಹೋದರೆ ಓದುಬರಹಕ್ಕೆ ಉಳಿಯುವುದೆಷ್ಟು ಎಂಬುದು ಅವರ ಪ್ರಶ್ನೆ. ಅದು ಸರಿಯಾದ ಪ್ರಶ್ನೆ. ಜೇಡಿ ಬಂದ ಮೇಲೆ ಎಲ್ಲ ಮಕ್ಕಳೂ ಕನ್ನಡ ಓದತೊಡಗಿದರೆಂದು ನಾವು ಹೇಳುವುದಿಲ್ಲ. ಕೆಲವರು ಇಂದಿಗೂ ಒತ್ತಕ್ಷರ ಬಂದಾಗ ನಿಂತುಬಿಡುತ್ತಾರೆ. ಇಬ್ಬರು ಮೂವರಿಗೆ ಜೇಡಿಯಲ್ಲಿ ಆಸಕ್ತಿಯೇ ಹುಟ್ಟಲಿಲ್ಲ. ಅವರಿಗೆ ಕಥೆ ಓದಿ ಹೇಳುವುದೇ ಹಿತವಾಯಿತು. ನಮ್ಮ ಉತ್ತರ ಇಷ್ಟೇ: ಓದಬೇಕೆಂಬ ಆಸೆಗಿಂತ ಮೊದಲು ಮಾತಾಡಬೇಕೆಂಬ ಆಸೆ ಬರಬೇಕು. ಆ ಆಸೆ ಬಂದುದಕ್ಕೆ ನಮ್ಮಲ್ಲಿ ಒಂದು ಸಾಕ್ಷಿಯಿದೆ.

ಒಂಬತ್ತು ವರ್ಷದ ಹುಡುಗನೊಬ್ಬ, ದೋಹಾದಲ್ಲೇ ಹುಟ್ಟಿದವನು. ಅರಸೀಕೆರೆ ಕಡೆಯ ಹಳ್ಳಿಯಲ್ಲಿರುವ ಅಜ್ಜಿಯೊಂದಿಗೆ ವಿಡಿಯೋ ಕರೆಯಲ್ಲಿ ಅವನು ಆಡುತ್ತಿದ್ದದ್ದು ಮೂರು ಮಾತು: ‘ಹೂಂ’, ‘ಆಯ್ತು’, ‘ಬಾಯ್’. ತರಗತಿಯಲ್ಲಿ ಅವನು ರೆಕ್ಕೆಯ ಎತ್ತೊಂದನ್ನು ಮಾಡಿದ. ನಾವು ಅದನ್ನು ಸುಟ್ಟು ಕೊಟ್ಟ ದಿನ ರಾತ್ರಿ ಅಜ್ಜಿಗೆ ತೋರಿಸಿದನಂತೆ. ಅಜ್ಜಿ ಬಹಳ ಹೊತ್ತು ನೋಡಿ, ‘ಚೆನ್ನಾಗೈತೆ ಕಣೋ ಪುಟ್ಟ. ಆದ್ರೆ ಗಂಗೆದೊಗಲು ಎಲ್ಲೋ? ಗಂಗೆದೊಗಲು ಇಲ್ದಿದ್ರೆ ಅದು ಎತ್ತು ಹೆಂಗಾಯ್ತದೆ?’ ಎಂದರಂತೆ. ‘ಗಂಗೆದೊಗಲು ಅಂದ್ರೆ ಏನಜ್ಜಿ?’ ಎಂದು ಹುಡುಗ ಕೇಳಿದ. ತನ್ನ ಮಗ ಅಜ್ಜಿಗೆ ಕನ್ನಡದಲ್ಲಿ ಪ್ರಶ್ನೆ ಕೇಳಿದ್ದು ಅದೇ ಮೊದಲೆಂದು ತಾಯಿ ನಮಗೆ ಹೇಳಿದರು. ಅಜ್ಜಿ ಫೋನು ಹಿಡಿದುಕೊಂಡು ಕೊಟ್ಟಿಗೆಗೆ ಹೋದರು. ದೀಪ ಹಾಕಿ, ಎತ್ತಿನ ಕೊರಳ ಕೆಳಗೆ ಜೋತಾಡುವ ತೊಗಲನ್ನು ಕೈಯಲ್ಲಿ ಹಿಡಿದು ತೋರಿಸಿದರು. ಬೆನ್ನಿನ ಮೇಲಿನ ಹಿಣಿಲನ್ನೂ ತೋರಿಸಿ, ‘ಇದೂ ಸಣ್ಣದಾಯ್ತು ನಿಂದು’ ಎಂದರು.

ಮರುವಾರ ಆ ಹುಡುಗ ತರಗತಿಗೆ ಬಂದವನೇ, ‘ಗಂಗೆದೊಗಲಿಗೆ ಬಿಳಿ ಬೇಕು’ ಎಂದ. ನಮ್ಮ ಪದಪಟ್ಟಿಯಲ್ಲಿ ಇಲ್ಲದ ಪದ ಅದು. ಉಳಿದ ಮಕ್ಕಳು ಅವನ ಸುತ್ತ ನೆರೆದರು; ಅವನು ತನ್ನ ಕೊರಳನ್ನೇ ಹಿಡಿದು ವಿವರಿಸಿದ. ಒಮ್ಮೆ ಸುಟ್ಟ ಪಾಲಿಮರ್ ಕ್ಲೇಯ ಮೇಲೆ ಹಸಿ ಜೇಡಿಯನ್ನು ಅಂಟಿಸಿ ಮತ್ತೆ ಸುಡಬಹುದು. ಎತ್ತಿಗೆ ಗಂಗೆದೊಗಲು ಬಂತು, ಹಿಣಿಲು ಬೆಳೆಯಿತು. ಅಂದಿನಿಂದ ಅಜ್ಜಿ ಪ್ರತಿ ವಾರ ಹೊಸ ಪ್ರಾಣಿಗಾಗಿ ಕಾಯುತ್ತಾರೆ, ಏನಾದರೊಂದು ತಪ್ಪು ಹುಡುಕುತ್ತಾರೆ. ಆ ತಪ್ಪುಗಳಿಂದ ನಮ್ಮ ತರಗತಿಗೆ ‘ಕೆಚ್ಚಲು’, ‘ಮೂಗುದಾರ’, ‘ಲಾಳ’ ಎಲ್ಲವೂ ಬಂದಿವೆ. ಭಾಷೆ ದೊಡ್ಡವರಿಂದ ಮಕ್ಕಳಿಗೆ ಮಾತ್ರ ಹರಿಯುತ್ತದೆಂದು ತಿಳಿದಿದ್ದ ನಮಗೆ, ಮಗುವೊಂದು ಕನ್ನಡ ಪದವನ್ನು ಹೊರಗಿನಿಂದ ತಂದು ತರಗತಿಗೆ ಕೊಟ್ಟದ್ದನ್ನು ನೋಡುವ ಭಾಗ್ಯ ದೊರೆಯಿತು.

ಅಕ್ಷರಕ್ಕೂ ದಾರಿ ಇದರಲ್ಲೇ ಸಿಕ್ಕಿತು. ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಮೇಲೆ ಕನ್ನಡ ಲಿಪಿಯಲ್ಲಿ ಹೆಸರು ಕೆತ್ತಿದರು. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ. ಎಂಟುನೂರು ಒಂಬೈನೂರು ವರ್ಷಗಳ ಅನಂತರವೂ ನಾವು ಅವರನ್ನು ಹೆಸರಿನಿಂದ ಕರೆಯುತ್ತಿರುವುದು ಆ ಕೆಲವು ಅಕ್ಷರಗಳಿಂದ. ಇದನ್ನು ಹೇಳಿ, ಪ್ರಾಣಿಯನ್ನು ಸುಡುವ ಮೊದಲು ಅದರ ಹೊಟ್ಟೆಯ ಕೆಳಗೆ ಸೂಜಿಯಿಂದ ಹೆಸರು ಬರೆಯಬೇಕೆಂದು ವಿಧಿಸಿದೆವು. ಸುಟ್ಟ ಮೇಲೆ ತಿದ್ದಲಾಗದು. ಆದ್ದರಿಂದ ಮಕ್ಕಳು ಕಾಗದದ ಮೇಲೆ ಹತ್ತು ಸಲ ಬರೆದು ಅಭ್ಯಾಸ ಮಾಡುತ್ತಾರೆ. ಹೆಸರಿನಲ್ಲಿ ಒತ್ತಕ್ಷರವಿರುವವರು ಅದನ್ನು ಹೆಬ್ಬೆರಳಿನಷ್ಟು ಪ್ರಾಣಿಯ ಹೊಟ್ಟೆಯಲ್ಲಿ ಹಿಡಿಸಲು ಪಡುವ ಪಾಡು ನೋಡುವಂತಿರುತ್ತದೆ. ಶಿಲ್ಪಿಗೆ ಹಳಗನ್ನಡದಲ್ಲಿ ‘ರೂವಾರಿ’ ಎನ್ನುತ್ತಾರೆಂದು ತಿಳಿದ ಮೇಲೆ ಹೆಸರಿನ ಹಿಂದೆ ‘ರೂ’ ಎಂದು ಸೇರಿಸಿಕೊಂಡವರೂ ಇದ್ದಾರೆ.

ಮನೆಯಲ್ಲಿ ಮಾಡಿಸಬಯಸುವ ತಂದೆತಾಯಿಯರಿಗೆ ನಮ್ಮ ಅನುಭವದಿಂದ ಕೆಲವು ಮಾತುಗಳು. ಜೇಡಿಯನ್ನು ಮೊದಲು ಅಂಗೈಯಲ್ಲಿ ಐದು ನಿಮಿಷ ನಾದಿ ಹದಗೊಳಿಸಬೇಕು. ಇಲ್ಲವಾದರೆ ಸುಟ್ಟ ಮೇಲೆ ಮುರಿಯುತ್ತದೆ. ಮೈ ದಪ್ಪವಿದ್ದರೆ ಒಳಗೆ ಅಲ್ಯೂಮಿನಿಯಂ ಹಾಳೆಯ ಉಂಡೆಯಿಟ್ಟು ಮೇಲೆ ಜೇಡಿ ಹೊದಿಸಿ. ಜೇಡಿ ಉಳಿಯುತ್ತದೆ, ಒಳಗಿನವರೆಗೂ ಸಮನಾಗಿ ಬೇಯುತ್ತದೆ. ಜ್ಯೂಸಿನ ನಳಿಕೆಯನ್ನು ಉದ್ದಕ್ಕೆ ಸೀಳಿ ಓರೆಯಾಗಿ ಒತ್ತಿದರೆ ಮೀನಿನ ಹುರುಪೆ ಮೂಡುತ್ತದೆ. ಕಣ್ಣಿಗೆ ಗಾಜಿನ ಮಣಿಯೇ ಬೇಕು, ಪ್ಲಾಸ್ಟಿಕ್ಕಿನದು ಕರಗಬಹುದು. ಇಲ್ಲಿನ ಧೂಳು ಬಿಳಿ ಜೇಡಿಗೆ ಬೇಗ ಅಂಟುವುದರಿಂದ ತಿಳಿ ಬಣ್ಣದ ಕೆಲಸವನ್ನು ಮೊದಲು ಮುಗಿಸಿ. ಬೇಸಿಗೆಯಲ್ಲಿ ಜೇಡಿಯ ಪೊಟ್ಟಣವನ್ನು ಕಾರಿನಲ್ಲಿ ಬಿಡಬಾರದು. ಮುಚ್ಚಿದ ಕಾರಿನ ಕಾವಿಗೆ ಅದು ಅಲ್ಲೇ ಬಿರುಸಾಗಿ ಕೆಲಸಕ್ಕೆ ಬಾರದಾಗುತ್ತದೆ.

ಸುಡುವ ಕೆಲಸ ದೊಡ್ಡವರದು. ಪೊಟ್ಟಣದ ಮೇಲೆ ಬರೆದ ಉಷ್ಣತೆಯನ್ನೇ ಪಾಲಿಸಬೇಕು; ಸಾಮಾನ್ಯವಾಗಿ ಅದು 110ರಿಂದ 130 ಡಿಗ್ರಿ ಸೆಲ್ಸಿಯಸ್, ಸುಮಾರು ಅರ್ಧ ಗಂಟೆ. ಓವನ್ನಿನ ಗುಂಡಿಯನ್ನು ನಂಬದೆ ಒಳಗೆ ಬೇರೆ ಉಷ್ಣಮಾಪಕ ಇಡುವುದು ಕ್ಷೇಮ. ಕಾವು ಮೀರಿ ಜೇಡಿ ಕರಟಿದರೆ ಪಿವಿಸಿಯಿಂದ ಹಾನಿಕಾರಕ ಅನಿಲ ಹೊರಡುತ್ತದೆ. ಹಾಗಾದಲ್ಲಿ ಓವನ್ ಆರಿಸಿ, ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳುಹಿಸಬೇಕು. ಹೊರತೆಗೆದಾಗ ಇನ್ನೂ ಮೆತ್ತಗಿದ್ದರೆ ಗಾಬರಿ ಬೇಡ, ತಣಿದ ಮೇಲೆ ಗಟ್ಟಿಯಾಗುತ್ತದೆ. ಜೇಡಿಗೆ ಬಳಸಿದ ತಟ್ಟೆ, ಲಟ್ಟಣಿಗೆಗಳನ್ನು ಮತ್ತೆ ಅಡುಗೆಗೆ ಬಳಸಬಾರದು. ಮೂರು ವರ್ಷದೊಳಗಿನ ಮಕ್ಕಳ ಕೈಗೆ ಈ ಪುಟ್ಟ ಪ್ರಾಣಿಗಳು ಸಿಗದಂತೆ ನೋಡಿಕೊಳ್ಳಿ.

ಪ್ರಾಣಿಗಳು ಇಷ್ಟು ಚಿಕ್ಕದಾಗಿರುವುದಕ್ಕೆ ಇನ್ನೊಂದು ಕಾರಣವೂ ಇದೆ. ಕತಾರಿನ ನಮ್ಮ ಮನೆಗಳು ಶಾಶ್ವತವಲ್ಲ. ಯೋಜನೆ ಮುಗಿಯುತ್ತದೆ, ಕರಾರು ಮುಗಿಯುತ್ತದೆ, ಮಗಳ ಹನ್ನೊಂದನೆಯ ತರಗತಿಗೆಂದು ಊರಿಗೆ ಮರಳಬೇಕಾಗುತ್ತದೆ. ವಿಮಾನಕ್ಕೆ ಸಾಮಾನು ಕಟ್ಟುವ ಹೊತ್ತಿನಲ್ಲಿ ಸೈಕಲ್ಲು, ಪುಸ್ತಕದ ಕಪಾಟು, ಆಟಿಕೆಗಳೆಲ್ಲ ಯಾರ್ಯಾರಿಗೋ ಸೇರುತ್ತವೆ. ಬಿಸ್ಕತ್ತಿನ ಡಬ್ಬಿಯಲ್ಲಿ ಹತ್ತಿ ಸುತ್ತಿಟ್ಟ ಗಂಡಭೇರುಂಡ ಮಾತ್ರ ಮಗುವಿನ ಕೈಚೀಲದಲ್ಲಿ ಹೋಗುತ್ತದೆ. ಈ ಎರಡು ವರ್ಷಗಳಲ್ಲಿ ನಮ್ಮ ತರಗತಿಯಿಂದ ಆರು ಮಕ್ಕಳು ಹೊರಟುಹೋಗಿದ್ದಾರೆ. ಹೋಗುವವರು ಒಂದು ಪ್ರಾಣಿಯನ್ನು ಒಯ್ದು ಒಂದನ್ನು ನಮ್ಮ ಕಪಾಟಿನಲ್ಲಿ ಬಿಟ್ಟುಹೋಗುವುದು ಈಗ ವಾಡಿಕೆಯಾಗಿದೆ. ಹೊಸದಾಗಿ ಸೇರುವ ಮಗು ಮೊದಲ ದಿನ ಆ ಕಪಾಟಿನ ಮುಂದೆ ನಿಲ್ಲುತ್ತದೆ, ಒಂದನ್ನು ಎತ್ತಿಕೊಳ್ಳುತ್ತದೆ, ಬುಡಮೇಲು ಮಾಡುತ್ತದೆ. ಹೊಟ್ಟೆಯ ಕೆಳಗಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ, ತಾನೆಂದೂ ಕಾಣದ ಮಗುವಿನ ಹೆಸರನ್ನು ಓದಲು ಯತ್ನಿಸುತ್ತದೆ. ನಾವು ಆಗ ಸುಮ್ಮನಿರುತ್ತೇವೆ.

ಬೇಸಿಗೆ ರಜೆಯ ನಂತರದ ತರಗತಿಗಳು ಎಂದಿನಂತೆ ಶುಕ್ರವಾರ ಬೆಳಗ್ಗೆ ನಡೆಯುತ್ತವೆ. ಊರಿಗೆ ಹೋಗುವವರು ಮಕ್ಕಳಿಗೆ ಕೊಟ್ಟಿಗೆ, ಕೆರೆ, ಗುಡಿಯ ಕಂಬಗಳನ್ನು ತೋರಿಸಿ, ಅಜ್ಜಿ ತಾತಂದಿರ ಬಾಯಿಂದ ಅವುಗಳ ಹೆಸರುಗಳನ್ನು ಕೇಳಿಸಿಕೊಂಡು ಬನ್ನಿ. ನಮ್ಮ ಪದಪಟ್ಟಿಯಲ್ಲಿ ಜಾಗ ಬೇಕಾದಷ್ಟಿದೆ.